ಫೋಟೋದಲ್ಲಿ ಇಲ್ಲದವಳು

ಹನ್ನೊಂದು ವರ್ಷದ ಹಿಂದೆ ಗದಗಿನ ಮನೆಯ ಪಡಸಾಲೆಯಲ್ಲಿ ಮಧುಮತಿ ಅಪ್ಪನ ಅಂಗೈ ಮೇಲೆ ತನ್ನ ಅಂಗೈ ಇಟ್ಟು ಮಾತು ಕೊಟ್ಟಿದ್ದಳು. ಡೈವೋರ್ಸ್ ಕಾಗದ ಕೈಗೆ ಬಂದು ಮೂರು ದಿನವಾಗಿತ್ತು. ಅಪ್ಪ ಅಡಿವೆಪ್ಪ ತಮ್ಮ ಅಣ್ಣತಮ್ಮಂದಿರನ್ನೆಲ್ಲ ಎದುರು ಹಾಕಿಕೊಂಡು ಮಗಳ ಪರ ನಿಂತಿದ್ದರು. ಅದಕ್ಕೆ ಪ್ರತಿಯಾಗಿ ಒಂದೇ ಕೇಳಿದ್ದರು. ಕಿರಿಯವಳ ಮದುವೆ ಆಗಬೇಕು, ಮನೆತನದ ಹೆಸರು ಉಳಿಯಬೇಕು, ಅದಕ್ಕಾಗಿ ಇನ್ನೊಂದು ಮದುವೆಯ ಮಾತನ್ನು ಮಧುಮತಿ ಎಂದಿಗೂ ಎತ್ತಬಾರದು. ಆಗ ಅವಳಿಗೆ ಇಪ್ಪತ್ತೆಂಟು. ಮದುವೆ ಅನ್ನೋ ಶಬ್ದ ಕೇಳಿದರೇ ಎದ್ದು ಹೋಗುತ್ತಿದ್ದ ಕಾಲ. ಹ್ಞೂಂ ಅಂದುಬಿಟ್ಟಳು.

ಆಮೇಲೆ ಕಾರಿನ ಬ್ರೇಕಿಗೆ ಸಾಫ್ಟ್‌ವೇರ್ ಬರೆಯುವ ಕೆಲಸ ಹಿಡಿದು ಮ್ಯೂನಿಕ್‌ಗೆ ಬಂದಳು. ಒಂಟಿ ಹೆಂಗಸನ್ನು ಜರ್ಮನ್ನರು ಏನೂ ಕೇಳುವುದಿಲ್ಲ. ಕನ್ನಡಿಗರ ಬಳಗ ಕೇಳುತ್ತದೆ. ವರ್ಷಕ್ಕೆರಡು ಸಲ ಬಳಗದವರು ಬಸ್ಸು ಮಾಡಿಕೊಂಡು, ಪುಳಿಯೋಗರೆ ಡಬ್ಬಿ ಕಟ್ಟಿಕೊಂಡು ಅರಮನೆ, ಕೋಟೆ, ಚರ್ಚು ನೋಡಲು ಹೊರಡುತ್ತಾರೆ. ಹೋದಲ್ಲೆಲ್ಲ ಮೊದಲು ಗ್ರೂಪ್ ಫೋಟೋ, ಆಮೇಲೆ ಜೋಡಿ ಫೋಟೋ. ಯಾರ ಪಕ್ಕ ನಿಲ್ಲಬೇಕು ಅನ್ನುವ ಪ್ರಶ್ನೆಯೇ ಏಳದ ಹಾಗೆ ಮಧುಮತಿ ಫೋಟೋ ತೆಗೆಯುವ ಕೆಲಸವನ್ನು ತನ್ನದು ಮಾಡಿಕೊಂಡಳು. ಆರು ವರ್ಷದಲ್ಲಿ ಕಲೋನ್ ಚರ್ಚಿನ ಮುಂದೆ, ನ್ಯೂರೆಂಬರ್ಗ್ ಕೋಟೆಯ ಮುಂದೆ, ಬರ್ಲಿನ್ನಿನ ಮಹಾದ್ವಾರದ ಮುಂದೆ ಎಲ್ಲರೂ ಇದ್ದರು. ಅವಳೊಬ್ಬಳು ಎಲ್ಲೂ ಇರಲಿಲ್ಲ.

ಸ್ವರೂಪ್ ಇದ್ದ. ಮೈಸೂರಿನವನು, ಮ್ಯೂನಿಕ್ ಪಕ್ಕದ ಉಂಟರ್‌ಫ್ಯೋರಿಂಗ್‌ನಲ್ಲಿ ಆಫೀಸು, ವಯಸ್ಸು ನಲವತ್ತೊಂದು, ಮದುವೆ ಆಗಿಲ್ಲ. ಬಸ್ಸಿನಲ್ಲಿ ಯಾವಾಗಲೂ ಅವಳ ಹಿಂದಿನ ಸೀಟು. "ನಿಂದರ್ರಿ, ನಗ್ರಿ" ಅಂತ ಅವಳು ಕೂಗಿದಾಗಲೆಲ್ಲ ಕಾಡಿಸುವವನು.

"ಹಿಂಗೆ ಗದರಿಸಿದ್ರೆ ಹೆಂಗ್ರೀ ನಗೋದು?"

"ಯಾಕ್ರಿ, ಮೈಸೂರಾಗ ಪರ್ಮಿಶನ್ ಕೇಳಿ ನಗತಾರೇನ?"

ಕಳೆದ ಡಿಸೆಂಬರಿನಲ್ಲಿ ಡ್ರೆಸ್ಡೆನ್‌ನಲ್ಲಿ, ಯುದ್ಧದಲ್ಲಿ ಕುಸಿದು ಮತ್ತೆ ಎದ್ದು ನಿಂತ ಆ ದೊಡ್ಡ ಚರ್ಚಿನ ಎದುರು, ಅವಳ ಕೈಯಿಂದ ಬಿದ್ದ ಗ್ಲೌಸ್ ಎತ್ತಿಕೊಳ್ಳುತ್ತ ಅವನು, ಮದುವೆ ಆಗ್ತೀರಾ ಅಂತ ಕೇಳಿಯೇಬಿಟ್ಟಿದ್ದ. ಅವಳು ಅಪ್ಪನಿಗೆ ಕೊಟ್ಟ ಮಾತು ಹೇಳಿದಳು. ಅವನು ವಾದ ಮಾಡಲಿಲ್ಲ. ಗ್ಲೌಸಿನ ಒಂದೊಂದು ಬೆರಳಿನ ಮೇಲಿದ್ದ ಹಿಮವನ್ನೂ ನಿಧಾನವಾಗಿ ಕೊಡವಿ ಕೊಟ್ಟ. ಸರಿ, ಮುಂದಿನ ಟ್ರಿಪ್ಪಿಗೂ ಬರ್ತೀನಿ ಅಂದ.

ಆ ಮುಂದಿನ ಟ್ರಿಪ್ಪೇ ಅವನ ಕೊನೆಯದಾಗುವುದಿತ್ತು. ಡ್ರೆಸ್ಡೆನ್‌ನ ಚಿಪ್ ಕಾರ್ಖಾನೆಯೊಂದರಲ್ಲಿ ಕೆಲಸ ಸಿಕ್ಕಿತ್ತು, ಜುಲೈ ಒಂದನೇ ತಾರೀಕಿಗೆ ಮ್ಯೂನಿಕ್‌ನ ಮನೆ ಖಾಲಿ ಮಾಡುವವನಿದ್ದ. ಮತ್ತೆ ಕೇಳುವುದಿಲ್ಲ ಅಂತಲೂ ಹೇಳಿದ್ದ. ಸಿಟ್ಟಿನಿಂದಲ್ಲ. ಕೇಳಿ ಕೇಳಿ ಅವಳನ್ನು ಹಿಂಡಬಾರದು ಅಂತ.

ಅದೇ ಹೊತ್ತಿಗೆ ಅಪ್ಪ ಅವ್ವ ಮೂರು ತಿಂಗಳ ವೀಸಾ ಮೇಲೆ ಬಂದಿಳಿದರು. ಒಂದು ಸಂಜೆ ಜರ್ಮನಿ ತೋರಿಸಲೆಂದು ಮಧುಮತಿ ಆರು ವರ್ಷದ ಫೋಟೋಗಳನ್ನು ಟೀವಿಗೆ ಹಾಕಿದಳು. ಅಂಜಿಕೆ ಏನಿರಲಿಲ್ಲ, ಒಂದರಲ್ಲೂ ತಾನಿಲ್ಲವಲ್ಲ. ಆದರೆ ಅಡಿವೆಪ್ಪನವರದು ನಲವತ್ತು ವರ್ಷ ರೈಲ್ವೆ ಸಿಗ್ನಲ್ ಕಾದ ಕಣ್ಣು. ಮೂರನೇ ಊರಿಗೆ ಬರುವಷ್ಟರಲ್ಲಿ ರಿಮೋಟ್ ಇಸಕೊಂಡರು.

"ಎಲ್ಲಾರೂ ಕ್ಯಾಮೆರಾ ನೋಡ್ಯಾರ," ಅಂದರು. "ಇಂವ ಕ್ಯಾಮೆರಾ ಹಿಡದಾಕಿನ್ನ ನೋಡ್ಯಾನ."

ಕೊಟ್ಟ ಮಾತು ನೆನಪಿದೆಯಾ ಅಂತ ಅವರು ಕೇಳಿದರು. ಐತಿ ಅಂದಳು ಮಧುಮತಿ. ಅವರು ವಾಕಿಂಗ್ ಹೋದಮೇಲೆ ಒಬ್ಬಳೇ ಕೂತು ಮತ್ತೆ ನೋಡಿದಳು. ಹೌದು. ಬಿಸಿಲಲ್ಲಿ, ಮಂಜಲ್ಲಿ, ಇಪ್ಪತ್ತು ಜನರ ನಡುವೆ, ತಲೆ ಒಂಚೂರು ಎಡಕ್ಕೆ ವಾಲಿಸಿ, ಫೋನಿನ ಅಂಚು ದಾಟಿ ಅವನು ತನ್ನನ್ನೇ ನೋಡುತ್ತಿದ್ದ. ತಾನೇ ತೆಗೆದ ಫೋಟೋ, ತನಗೇ ಕಂಡಿರಲಿಲ್ಲ. ಅಪ್ಪ ತೋರಿಸಬೇಕಾಯಿತು.

ಜೂನಿನ ಶನಿವಾರ ಬಳಗದ ಬಸ್ಸು ನೊಯ್‌ಶ್ವಾನ್‌ಸ್ಟೈನ್ ಅರಮನೆಗೆ ಹೊರಟಿತು. ಅಪ್ಪ ಅವ್ವ ಮುಂದಿನ ಸೀಟಿನಲ್ಲಿ. ಸ್ವರೂಪ್ ಈ ಸಲ ಕೊನೆಯ ಸಾಲಿಗೆ ಹೋಗಿ ಕೂತ.

ಅರಮನೆಯೊಳಗೆ ಫೋಟೋ ನಿಷಿದ್ಧ. ಕೈಯಲ್ಲಿ ಫೋನಿಲ್ಲದೆ ಮಧುಮತಿಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ, ನೋಡಬಾರದ ಕಡೆಯೇ ಕಣ್ಣು ಹೋಯಿತು. ಬಂಗಾರದ ಬಣ್ಣ ಬಳಿದ ಎತ್ತರದ ಕೋಣೆಯಲ್ಲಿ ಗೈಡ್ ನಿಲ್ಲಿಸಿದಳು. ಇದು ಸಿಂಹಾಸನದ ಕೋಣೆ, ಆದರೆ ಸಿಂಹಾಸನ ಬರಲೇ ಇಲ್ಲ, ಅರಸ ಮದುವೆ ನಿಶ್ಚಯವನ್ನು ಮುರಿದುಕೊಂಡು ಒಂಟಿಯಾಗಿಯೇ ಇದ್ದ ಅಂದಳು. ಮಧುಮತಿ ಅದನ್ನು ಅವ್ವನಿಗೆ ಕನ್ನಡದಲ್ಲಿ ಹೇಳಿದಳು.

ಅನ್ನಪೂರ್ಣವ್ವ ಕಂಬ, ಗೋಡೆ, ಮೇಲಿನ ದೀಪಗಳನ್ನೆಲ್ಲ ನೋಡಿದರು. "ಇಷ್ಟ ಚೆಂದ ಮನಿ ಕಟ್ಟಿಕೊಂಡು ಒಬ್ಬನ ಇದ್ದನೇನ," ಅಂದರು. ಆಮೇಲೆ ಮಗಳ ಕೈ ಹಿಡಿದುಕೊಂಡರು.

ಅಲ್ಲಿಂದ ಎಲ್ಲರೂ ಕಮರಿಯ ಮೇಲಿನ ಸೇತುವೆಗೆ ಬಂದರು. ಕಾಲಡಿಯ ಹಲಗೆಗಳು ಅಲುಗುತ್ತಿದ್ದವು, ಸಂದಿಯಲ್ಲಿ ಕೆಳಗಿನ ನೀರು ಕಾಣುತ್ತಿತ್ತು, ಎದುರಿಗೆ ಬಿಳಿ ಅರಮನೆ. ಬಳಗದ ಹಿರಿಯಳು ಗೌರಕ್ಕ ಜೋಡಿಗಳನ್ನು ಒಂದೊಂದಾಗಿ ಕರೆದು ನಿಲ್ಲಿಸಿದಳು, ಮಧುಮತಿ ತೆಗೆದಳು. ಕೊನೆಗೆ ಸ್ವರೂಪ್ ಊರು ಬಿಡುತ್ತಿದ್ದಾನಲ್ಲ, ಅವನದೊಂದು ಒಂಟಿ ಫೋಟೋ ಇರಲಿ ಅಂದಳು ಗೌರಕ್ಕ.

ಅವನು ಕಂಬಿಗೆ ಒರಗಿ ನಿಂತ. ಮಧುಮತಿ ಫೋನ್ ಎತ್ತಿದಳು. ತೆರೆಯ ಮೇಲೆ ಅವನ ಕಿವಿ, ಕೆನ್ನೆ, ಕಾಲರಿನ ಅಂಚು. ಅವನು ಅರಮನೆಯ ಕಡೆ ತಿರುಗಿದ್ದ.

"ಇಲ್ಲಿ ನೋಡ್ರಿ."

"ಬೇಡ ಬಿಡಿ. ನಿಮ್ಮ ತಂದೆ ಇದ್ದಾರೆ."

ಆರು ವರ್ಷದಲ್ಲಿ ಮೊದಲ ಸಲ ಅವನು ನೋಡಲಿಲ್ಲ. ಅಷ್ಟಕ್ಕೇ ಅವಳೊಳಗೆ ಏನೋ ಕೆರಳಿತು. ಫೋನನ್ನು ಅಪ್ಪನ ಮುಂದೆ ಹಿಡಿದಳು. "ಯಪ್ಪಾ, ನೀ ತಗಿ. ನಾನೂ ನಿಂದರತೀನಿ."

ಅಡಿವೆಪ್ಪ ಕೈ ಚಾಚಲಿಲ್ಲ. "ಮಾತ ಕೊಟ್ಟಿದ್ದಿ, ಮಧು."

"ಕೊಟ್ಟಿದ್ದೆ. ಹನ್ನೊಂದ ವರ್ಷ ನಡಸೇನಿ. ತಂಗಿ ಮದಿವಿ ಆತು, ಎರಡ ಮಕ್ಕಳಾದ್ವು. ಇನ್ನ ನಡಸಾಂಗಿಲ್ಲ."

"ಮಾತಿಗೆ ಮುದ್ದತ್ತು ಇರತೈತೇನ?"

"ನಿನ್ನ ವೀಸಾಕ್ಕ ಐತಿ, ನನ್ನ ಮಾತಿಗೆ ಯಾಕಿರಬಾರದು? ಅದನ್ನ ಕೊಟ್ಟಾಕಿ ಇಪ್ಪತ್ತೆಂಟರಾಕಿ, ಅಂಜಿ ಕೊಟ್ಟಳು. ಮೂವತ್ತೊಂಬತ್ತರಾಕಿನ್ನ ಯಾರೂ ಕೇಳಿಲ್ಲ. ಬೈ, ನನ್ನ ಕೂಡ ಮಾತ ಬಿಡು, ನಿನ್ನ ಇಷ್ಟ. ಕದ್ದು ಮಾತ್ರ ಮಾಡಾಂಗಿಲ್ಲ ನಾ. ನಿನ್ನ ಮುಂದ ಮುರೀತೀನಿ."

ಹಿಂದೆ ಸಾಲುಗಟ್ಟಿದ್ದ ಪ್ರವಾಸಿಗರು ಗೊಣಗತೊಡಗಿದರು. ಜನ ಕಾಯ್ತಿದ್ದಾರೆ ಅಂತ ಸ್ವರೂಪ್ ಮೆಲ್ಲಗೆ ನೆನಪಿಸಿದ.

"ಕಾಯ್ಲಿ," ಅಂದಳು. "ನಿಮ್ಮನ್ನ ಇಷ್ಟ ದಿನ ಕಾಯ್ಸೀನಿ, ಇವರು ಎರಡ ನಿಮಿಷ ಕಾಯ್ಲಿ. ಡ್ರೆಸ್ಡೆನ್‌ನಾಗ ಕೇಳಿದ್ರಲ್ಲ? ಹ್ಞೂಂ. ಈ ಸಲ ಅಂಜಿ ಅನ್ನಲಿಕ್ಕ ಹತ್ತಿಲ್ಲ."

ಅವನು ತಿರುಗಿದ. ತಲೆ ಒಂಚೂರು ಎಡಕ್ಕೆ ವಾಲಿತು. ಕಣ್ಣಂಚು ಒದ್ದೆ, ತುಟಿಯಲ್ಲಿ ಮಾತ್ರ ಅದೇ ಹಳೇ ಕುಚೋದ್ಯ. "ಪರ್ಮಿಶನ್ ಕೇಳಿ ನಗ್ಲಾ, ಹಂಗೇ ನಗ್ಲಾ?"

"ನಗ್ರಿ ಸುಮ್ನ," ಅಂದು ಅವನ ತೋಳಿಗೆ ತೋಳು ತಾಗಿಸಿ ನಿಂತಳು. ಹಲಗೆ ಅಲುಗಿತು, ಅವಳು ಕಂಬಿ ಹಿಡಿಯಲಿಲ್ಲ. ಅವನ ಕೈ ಹಿಡಿದಳು.

ಅನ್ನಪೂರ್ಣವ್ವ ಸೆರಗಿಗೆ ಕೈ ಒರೆಸಿಕೊಂಡು ಮುಂದೆ ಬಂದರು. ಗಂಡನ ಎದುರೇ ಮಗಳ ಫೋನು ಇಸಕೊಂಡು ಎಲ್ಲಿ ಒತ್ತಬೇಕು ಹೇಳು ಅಂದರು. ಎರಡು ಸಲ ಒತ್ತಿದರು. ಅವರ ಹೆಬ್ಬೆರಳು ಅಡ್ಡ ಬಂದು ಅರ್ಧ ಅರಮನೆ ಮುಚ್ಚಿಹೋಯಿತು. ಇಬ್ಬರು ಮಾತ್ರ ಪೂರ್ತಿ ಬಂದರು.

ವಾಪಸ್ ಬರುವಾಗ ಮಧುಮತಿ ಕೊನೆಯ ಸಾಲಿನಲ್ಲಿ ಸ್ವರೂಪ್ ಪಕ್ಕ ಕೂತಳು. ಅಡಿವೆಪ್ಪ ಮ್ಯೂನಿಕ್ ಬರುವತನಕ ಒಂದು ಸಲವೂ ಹಿಂದೆ ತಿರುಗಲಿಲ್ಲ.

ಅಪ್ಪನಿಗೆ ಕೊಟ್ಟ ಮಾತನ್ನು ಮಧುಮತಿ ಮುರಿದಳು.