ಹಳೇ ನಂಬರಿನ ಸರ್ವರ್

"ಈ ಸರ್ವರ್‌ಗೆ ವಯಸ್ಸಾಗಿದೆ. ನೋಡ್ಕೊಳ್ಳೋರಿಗೆ ನಾಚಿಕೆ ಆಗಲ್ವಾ?"

ಹನ್ನೊಂದು ಜನ ಕೂತಿದ್ದ ಮೀಟಿಂಗ್‌ನಲ್ಲಿ ಅವಳ ಮುಖ ನೋಡಿಯೇ ಕೇಳಿದ್ದ. ಆಸ್ಪತ್ರೆಯ ಕಂಪ್ಯೂಟರ್‌ಗಳ ಭದ್ರತೆ ಪರೀಕ್ಷಿಸಲು ಹೊರಗಿನಿಂದ ಬಂದ ಆಡಿಟರ್ ಅವನು. ಆಸ್ಪತ್ರೆಯ ವೆಬ್‌ಸೈಟ್ ನಡೆಸುವ ಲಿನಕ್ಸ್ ಯಂತ್ರವನ್ನು ಆರು ವರ್ಷದಿಂದ ಮಗುವಿನಂತೆ ಸಾಕಿದವಳು ಅವಳು. ಎಲ್ಲರ ಬಾಯಲ್ಲೂ ಸರ್ವರಕ್ಕ.

ಅಬ್ಬಾ, ಎಂಥ ಸೊಕ್ಕು! ಅವಳ ಕಿವಿ ಬಿಸಿಯಾಯಿತು. ಆದರೂ ಆ ಕಣ್ಣುಗಳನ್ನು ಇನ್ನೊಮ್ಮೆ ನೋಡಿದಳು, ಪಾಪಿ ಮನಸ್ಸು!

"ವರ್ಷನ್ ನಂಬರ್ ಮಾತ್ರ ಹಳೇದು ಸರ್. ಭದ್ರತೆಯಲ್ಲಿ ತೂತು ಕಂಡಾಗೆಲ್ಲ ಲಿನಕ್ಸ್ ಕೊಟ್ಟೋರೇ ಒಳಗೊಳಗೆ ತೇಪೆ ಹಾಕ್ತಾರೆ, ನಂಬರ್ ಬದಲಾಯಿಸಲ್ಲ. ಹೊಸ ವೆಬ್ ಸರ್ವರ್ ತಂದು ಹಾಕಿದ್ರೆ ಲ್ಯಾಬ್ ರಿಪೋರ್ಟ್ ತೋರಿಸೋ ಭಾಗ ನಿಂತುಹೋಗುತ್ತೆ."

"ಕಥೆ ಚೆನ್ನಾಗಿದೆ," ಎಂದ. ಹನ್ನೊಂದು ಜನರೂ ನಕ್ಕರು.

ಮರುದಿನ ಅವನೇ ಎರಡು ಲೋಟ ಕಾಫಿ ಹಿಡಿದು ಬಂದ. "ನಿನ್ನೆ ನಾಲಿಗೆ ಜಾರಿತು..."

"ಜಾರಿದ್ದು ನನ್ನ ತಲೆ ಮೇಲೇ ಬಿತ್ತು!"

ಇಬ್ಬರೂ ನಕ್ಕರು. ಅಲ್ಲಿಗೆ ಮುಗಿಯಿತು ನೋಡಿ ನಮ್ಮ ಸರ್ವರಕ್ಕನ ಕಥೆ! ಮೂರು ವಾರ ಕೊರೆಯುವ ಆ ಸರ್ವರ್ ಕೋಣೆಯಲ್ಲಿ ಅಕ್ಕಪಕ್ಕ ಕೂತರು. ಅವನ ಸ್ವೆಟರ್ ಅವಳ ಹೆಗಲೇರಿತು. ಒಂದು ಮಧ್ಯಾಹ್ನ ಅವಳ ಕೈ ಅವನ ಕೈಯೊಳಗೆ ಸೇರಿತು, ಬಿಡಿಸಿಕೊಳ್ಳಲು ಅವಳಿಗೆ ಮನಸ್ಸಾಗಲಿಲ್ಲ.

ಹಾಕಿದ ತೇಪೆಗಳ ಪಟ್ಟಿಯ ಫೈಲನ್ನು ಅವಳು ಅವನಿಗೆ ಕಳಿಸಿದಳು. "ಪೂರ್ತಿ ಓದು. ಆಮೇಲೆ ನೀನು ಹೇಳಿದ ಹಾಗೆ ಮಾಡ್ತೀನಿ."

ಶುಕ್ರವಾರ ಬೆಳಿಗ್ಗೆ ಮ್ಯಾನೇಜರ್ ಕರೆದರು. "ಆಡಿಟರ್ ಹೇಳಿದ ಹಾಗೆ ಹೊಸ ಸರ್ವರ್‌ಗೆ ಅಪ್‌ಗ್ರೇಡ್ ಮಾಡ್ತೀಯೋ, ಕೆಲಸ ಬಿಡ್ತೀಯೋ? ಮಧ್ಯಾಹ್ನದೊಳಗೆ ಹೇಳು."

ಅವಳು ನೇರ ಅವನ ಹತ್ತಿರ ಹೋದಳು. "ಫೈಲ್ ಓದಿದ್ಯಾ?"

ಅವನು ಫೈಲ್ ತೆರೆದೇ ಇರಲಿಲ್ಲ. ತೆರೆದರೆ ಹನ್ನೊಂದು ಜನರ ಮುಂದೆ ಆಡಿದ ಮಾತು ಸುಳ್ಳಾಗಬಹುದೆಂಬ ಭಯ.

"ಓದಿದೆ," ಎಂದ. "ಅಪ್‌ಗ್ರೇಡ್ ಮಾಡು. ನಾನಿದ್ದೀನಲ್ಲ!"

ಆರು ವರ್ಷದ ಅನುಭವ ಬೇಡ ಎಂದಿತು. ಮೂರು ವಾರದ ಪ್ರೀತಿ ಹೂಂ ಎಂದಿತು. ನಾನು ಗಮನಿಸದೇ ಇದ್ದದ್ದು ಏನೋ ಅವನ ಕಣ್ಣಿಗೆ ಬಿದ್ದಿರಬೇಕು... ಅವಳು ಹೊಸ ಸರ್ವರ್ ಹಾಕಿದಳು.

ಲ್ಯಾಬ್ ರಿಪೋರ್ಟ್‌ಗಳು ನಿಂತುಹೋದವು. ಎಲ್ಲವನ್ನೂ ಹಳೇ ಸ್ಥಿತಿಗೆ ತರಲು ನಾಲ್ಕು ಗಂಟೆ ಹಿಡಿಯಿತು. ಆರು ಆಪರೇಷನ್‌ಗಳು ಮುಂದಕ್ಕೆ ಹೋದವು. ಆಪರೇಷನ್‌ಗೆಂದು ಬೆಳಿಗ್ಗೆಯಿಂದ ಉಪವಾಸವಿದ್ದ ಮುದುಕರೊಬ್ಬರು ಕಾರಿಡಾರ್‌ನಲ್ಲೇ ತಲೆಸುತ್ತಿ ಬಿದ್ದರು.

ಸಂಜೆ ಮತ್ತೆ ಅದೇ ಹನ್ನೊಂದು ಜನ. ಮ್ಯಾನೇಜರ್ ಅವನತ್ತ ತಿರುಗಿದರು. "ಮಾಡು ಅಂತ ನೀವೇ ಹೇಳಿದ್ರಂತೆ?"

ಹೇಳು... ಒಂದೇ ಒಂದು ಮಾತು ಹೇಳು...

ಅವನು ಪೆನ್ನಿನ ಮುಚ್ಚಳ ಹಾಕಿದ. "ಕೊನೇ ನಿರ್ಧಾರ ಅವರದೇ."

ಕೆಲಸ ಹೋಯಿತು. ತನ್ನ ಸಾಮಾನಿನ ಡಬ್ಬ ಹಿಡಿದು ಅವಳು ಕಾಯುತ್ತಿದ್ದ ರೋಗಿಗಳ ನಡುವೆಯೇ ನಡೆದಳು. "ಇವಳೇ ಅಂತೆ!" ಎಂದು ಒಬ್ಬಾಕೆ ಬೆರಳು ತೋರಿಸಿದಳು.

ಐದು ತಿಂಗಳ ನಂತರ, ಅವಳು ಕಾಲೇಜೊಂದರ ಲ್ಯಾಬಿನಲ್ಲಿ ಕೀಬೋರ್ಡ್ ಒರೆಸುತ್ತಿದ್ದಾಗ ಅವನು ಬಾಗಿಲಲ್ಲಿ ನಿಂತಿದ್ದ. ಇಳಿದುಹೋಗಿದ್ದ.

"ನಾನು ಅವತ್ತು ಫೈಲ್ ಓದಿರಲಿಲ್ಲ," ಎಂದ. "ಆಮೇಲೆ ಓದಿದೆ. ನಾನು ಹೇಳಿದ ಒಂದೊಂದು ತೂತೂ ಎಂದೋ ಮುಚ್ಚಿತ್ತು. ಆಸ್ಪತ್ರೆಗೆ ಬರೆದುಕೊಟ್ಟಿದೀನಿ, ತಪ್ಪು ನನ್ನದೇ ಅಂತ. ನನ್ನ ಆಡಿಟರ್ ಕೆಲಸವೂ ಹೋಯ್ತು."

ಅವಳ ಕೈ ನಿಂತಿತು. ಓದಿರಲಿಲ್ಲವೇ! ಇಷ್ಟು ದಿನ ಅವನನ್ನು ಹೇಡಿ ಎಂದಷ್ಟೇ ತಿಳಿದಿದ್ದಳು. ಅವನು ಸುಳ್ಳನೂ ಆಗಿದ್ದ.

"ಆ ಮುದುಕರ ಮನೆಗೆ ಹೋಗಿದ್ಯಾ?"

"ಇಲ್ಲ..."

"ನಾನು ಹೋಗಿದ್ದೆ. ಸೊಂಟ ಮುರಿದಿದೆ. ಬಾಗಿಲಿಂದಲೇ ಬೈದು ಕಳಿಸಿದ್ರು. ನಿನ್ನ ಪಾಲಿನ ಬೈಗುಳವನ್ನೂ ನಾನೇ ತಿಂದು ಬಂದೆ."

ಅವನು ಮುಖ ಮುಚ್ಚಿಕೊಂಡು ಅತ್ತ. ಅಳಲಿ, ಎಂದುಕೊಂಡು ಅವಳು ನಿಧಾನವಾಗಿ ಇನ್ನೂ ಎರಡು ಕೀಬೋರ್ಡ್ ಒರೆಸಿದಳು.

"ನನ್ನ ಮೇಲೆ ಒಂಚೂರಾದ್ರೂ ಪ್ರೀತಿ ಉಳಿದಿದೆಯಾ?"

"ಪೂರ್ತಿ ಇದೆ. ಅದೇ ನನ್ನ ಕರ್ಮ! ನಂಬಿಕೆ ಮಾತ್ರ ಇಲ್ಲ."

"ಕಾಯ್ತೀನಿ..."

"ಇಲ್ಲಿ ನಿಂತು ಕಾಯೋದು ಬೇಡ. ಮೊದಲು ಆ ಮನೆಗೆ ಹೋಗು. ಬೈತಾರೆ, ಬೈಸ್ಕೋ. ಮತ್ತೆ ಹೋಗು."

"ನೀನೂ ಬರ್ತೀಯಾ?"

ಅವಳು ಒದ್ದೆ ಬಟ್ಟೆ ಹಿಂಡಿಟ್ಟು, ಕೈ ಒರೆಸಿಕೊಂಡು ಅವನ ಮುಂದೆ ಬಂದು ನಿಂತಳು.

"ಆ ಮನೆಯ ಗೇಟಿನವರೆಗೆ ಬರ್ತೀನಿ. ಒಳಗೆ ನೀನೊಬ್ಬನೇ ಹೋಗು."