ನಿಲುಮೆಯ ತಾಯಿ ಯಾರು?

"ಉಸಿರೇ ನೆಟ್ಟಗಿಲ್ಲದ ಕೂಸಿಗೆ ಹೆಸರೊಂದು ಕೇಡು! ಹೆಸರಿಟ್ರೆ ಮಮತೆ ಅಂಟ್ಕೊಳ್ಳುತ್ತೆ ಕಣೇ, ಆಮೇಲೆ ಬಿಡಿಸ್ಕೊಳ್ಳೋರು ಯಾರು?" ಎಂದು ಅತ್ತೆ ಆಸ್ಪತ್ರೆಯ ವರಾಂಡದಲ್ಲೇ ಗುಡುಗಿದಳು. ಆ ಗುಡುಗಿಗೆ ಎದುರಿನ ಔಷಧದಂಗಡಿಯ ಬಾಟಲಿಗಳೆಲ್ಲ ಗಲಗಲ ಅಂದವು ಎಂದರೆ ನೀವು ನಂಬಬೇಕು! ಸೊಸೆ ತಲೆ ತಗ್ಗಿಸಿದಳು. ಅಂಗಿಗಳಿಗೆ ಗುಂಡಿ ಹೊಲಿಯುವ ಕೆಲಸದವಳು ಅವಳು. ಏಳೇ ತಿಂಗಳಿಗೆ ಹುಟ್ಟಿದ ಮಗಳು ಒಳಗೆ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಗುಂಡಿಯ ಡಬ್ಬಿಯಲ್ಲಿ ಮಲಗಿಸಿದರೂ ಇನ್ನೊಂದು ಕೂಸಿಗೆ ಜಾಗ ಉಳಿಯುತ್ತಿತ್ತು!

ಆದರೆ ದಪ್ಪ ನರ್ಸಮ್ಮ ಬಿಡಬೇಕಲ್ಲ? ಮೊದಲೆಲ್ಲ ಪೆಟ್ಟಿಗೆಯ ಚೀಟಿಯ ಮೇಲೆ ತಾಯಿಯ ಹಾಸಿಗೆ ನಂಬರು ಬರೆಯುತ್ತಿದ್ದರು. ಚೀಟಿ ತಲೆಕೆಳಗಾಗಿ, ಆರು ಒಂಬತ್ತಾಗಿ, ಒಬ್ಬಳ ಹಾಲು ಇನ್ನೊಬ್ಬಳ ಮಗುವಿಗೆ ಹೋಗಿತ್ತು. ಅಂದಿನಿಂದ ಹೆಸರೇ ಬೇಕೆಂದು ಅವಳ ಹಟ.

"ನಿಲುಮೆ ಅಂತ ಬರ್ಕೊಳ್ಳಿ," ಎಂದಳು ಸೊಸೆ.

"ಎಲ್ಲೂ ಕೇಳಿಲ್ವಲ್ಲಮ್ಮಾ ಈ ಹೆಸರು!"

"ನಾನೂ ಕೇಳಿಲ್ಲ ಅಕ್ಕಾ. ನಮ್ಮ ಹತ್ರ ನಿಲ್ಲಲಿ ಅಂತ... ಅಷ್ಟೇ."

"ಆಹಾ! ಮಗು ಅಲ್ಲ, ಕಂಬ!" ಎಂದು ಅತ್ತೆ ಮೂತಿ ತಿರುವಿದಳು.

ಡಾಕ್ಟರು ಎರಡು ದಿನ ಎಂದಿದ್ದ ಕೂಸು ಇಪ್ಪತ್ತು ದಿನ ನಿಂತಿತು! ಉಳಿದ ತಾಯಂದಿರು ಸುಮ್ಮನಿರುತ್ತಾರೆಯೇ? ಮುಳುಗುವವರಿಗೆ ಹುಲ್ಲುಕಡ್ಡಿಯೂ ಆಸರೆ. ಮೊದಲು ಬಡಗಿಯ ಹೆಂಡತಿ, ಆಮೇಲೆ ಟೀಚರಮ್ಮ, ಒಬ್ಬೊಬ್ಬರಾಗಿ ಚೀಟಿ ಬದಲಿಸಿ ನಿಲುಮೆ ಎಂದೇ ಬರೆಸಿದರು. ಗಂಡುಮಗುವಿಗೂ ಅದನ್ನೇ ಇಡಲು ಹೊರಟವಳನ್ನು ನರ್ಸಮ್ಮ ಗದರಿ ತಡೆಯಬೇಕಾಯಿತು. ಪೆಟ್ಟಿಗೆಗಳ ಸಾಲಿನಲ್ಲಿ ಈಗ ಆರು ನಿಲುಮೆಯರು! ಹಾಲು ಅದಲುಬದಲಾಗದಿರಲೆಂದು ನರ್ಸಮ್ಮ ಗೊಣಗುತ್ತಲೇ ಒಂದೊಂದು ಚೀಟಿಗೂ ಒಂದೊಂದು ಬಣ್ಣದ ದಾರ ಕಟ್ಟಿದಳು.

ಒಂದು ಮಧ್ಯಾಹ್ನ ನರ್ಸಮ್ಮ ಬಾಗಿಲಿಗೆ ಬಂದಳು. ಯಾರ ಮುಖವನ್ನೂ ನೋಡಲಾರದೆ, ನೆಲ ನೋಡುತ್ತಲೇ ಕರೆದಳು. "ನಿಲುಮೆಯ ತಾಯಿ ಯಾರು?"

ಆರು ಜನ ಎದ್ದರು. ಆರೂ ಜನಕ್ಕೆ ಅರ್ಥವಾಯಿತು. ಒಬ್ಬಳೂ ಹೆಜ್ಜೆ ಎತ್ತಲಿಲ್ಲ... ಅಯ್ಯೋ, ಪ್ರತಿಯೊಬ್ಬಳೂ ಪಕ್ಕದವಳನ್ನೇ ನೋಡುತ್ತಿದ್ದಳು! ಸೊಸೆಯೂ ನೋಡಿದಳು. ಇವಳದಾಗಲಿ, ಅವಳದಾಗಲಿ, ನನ್ನದೊಂದು ಬೇಡ ಎಂದು ಅವಳ ಜೀವ ಬೇಡಿತು. ಬೇಡಿದ್ದಕ್ಕೆ ತಾನೇ ನಾಚಿದಳು.

"ನಾನು," ಎಂದು ಮುಂದೆ ಬಂದಳು. "ಮೊದಲು ಇಟ್ಟೋಳು ನಾನು. ಆ ಕರೆ ನನಗೇ ಇರಲಿ."

ನರ್ಸಮ್ಮ ಅವಳ ಕೈ ಹಿಡಿದು ಬಿಕ್ಕಿದಳು. "ನಿನ್ನದೇ ಕಣಮ್ಮಾ..."

ಬಡಗಿಯ ಹೆಂಡತಿ ಒಳಗೆ ಓಡಿ ತನ್ನ ಮಗಳ ಚೀಟಿ ಕಿತ್ತಳು. "ಈ ಹೆಸರೇ ನುಂಗಿಬಿಡ್ತು! ನಮಗೆ ಬೇಡಪ್ಪಾ!"

ಹಿಂದೆಯೇ ಓಡಿಬಂದ ಸೊಸೆ ಅವಳ ಕಾಲು ಹಿಡಿದಳು. "ಕೀಳ್ಬೇಡಿ ಅಕ್ಕಾ... ನಿಮ್ಮ ದಮ್ಮಯ್ಯ! ಒಂದು ಸಲಾನೂ ಎತ್ತಿಕೊಂಡು ಕರೀಲಿಲ್ಲ ನಾನು. ನೀವಾದ್ರೂ ಕರೀರಿ... ಇಲ್ದಿದ್ರೆ ಅವಳು ಬಂದಿದ್ದೇ ಸುಳ್ಳಾಗುತ್ತೆ!"

ಹೊರಗೆ ಗೋಡೆಗೊರಗಿ ನಿಂತಿದ್ದ ಅತ್ತೆಯೂ ಒಳಗೆ ಬಂದಳು. ಬಡಗಿಯ ಮಗಳ ಪೆಟ್ಟಿಗೆಯ ಮುಂದೆ ಬಗ್ಗಿ, ಗಾಜಿನ ಮೇಲೆ ಬೆರಳಿಟ್ಟಳು.

"ನಿಲುಮೇ... ನಮ್ಮವಳ ಪಾಲಿನದ್ದೂ ನೀನೇ ಬಾಳು, ತಾಯಿ," ಎಂದವಳೇ ಸೊಸೆಯನ್ನು ಎಬ್ಬಿಸಿ ಎದೆಗೊತ್ತಿಕೊಂಡಳು.

ಬಡಗಿಯ ಹೆಂಡತಿ ಕಣ್ಣೊರೆಸಿಕೊಂಡು ಚೀಟಿ ಮತ್ತೆ ಅಂಟಿಸಿದಳು.

ಆ ಐವರೂ ಬದುಕಿದರು. ಈಗ ಆ ಪೇಟೆಯ ಶಾಲೆಯಲ್ಲಿ "ನಿಲುಮೆ" ಎಂದರೆ ಅರ್ಧ ಶಾಲೆ "ಬಂದೇ!" ಎನ್ನುತ್ತದೆ. ಬೀದಿಯಲ್ಲಿ ಯಾವಳೋ ತಾಯಿ "ನಿಲುಮೇ, ಊಟಕ್ಕೆ ಬಾರೇ!" ಎಂದು ಕೂಗಿದರೆ, ಸೊಸೆ ಕೈಕೆಲಸ ನಿಲ್ಲಿಸುತ್ತಾಳೆ. ಮಗು ಓಡಿ ಮನೆ ಸೇರಿದ ಸದ್ದು ಕೇಳುವವರೆಗೂ ಕಾಯುತ್ತಾಳೆ. ಆಮೇಲೆ ಮುಂದಿನ ಅಂಗಿ ಎತ್ತಿಕೊಳ್ಳುತ್ತಾಳೆ.