ಟ್ರೇ ತಂದ ಪಕ್ಕದ ಬೀದಿಯವಳು

“ಇವಳಾ? ಇವಳು ನಮ್ಮ ಪಕ್ಕದ ಬೀದಿಯವಳು ಮೇಡಂ!” ಎಂದ ಬೇಕರಿಯ ಪಾಂಡೆಲಿಸ್ ಮಾಮ. “ಎಲ್ಲರ ಹಾಗೆ ಅಡುಗೆ ಟ್ರೇ ತಂದಿದ್ದಾಳೆ. ಬೇಯೋ ತನಕ ಸುಮ್ನೆ ಕೂರೋಕಾಗಲ್ಲ ಅಂತ ಒಂಚೂರು ಕೈ ಜೋಡಿಸ್ತಾಳೆ, ಅಷ್ಟೇ.”

ತನ್ನ ಅಮ್ಮನ ಬಗ್ಗೆ ಹೀಗಂದದ್ದು ಕೇಳಿ ಅರ್ಗಿರೋ ಬಾಯಿ ತೆರೆದು ನಿಂತಳು. ಭಾನುವಾರ ಬಂತೆಂದರೆ ನಾಕ್ಸೋಸ್ ದ್ವೀಪದ ಆ ಊರಿನವರೆಲ್ಲ ಮಾಂಸ, ಆಲೂಗಡ್ಡೆ ಜೋಡಿಸಿದ ಟ್ರೇಗಳನ್ನು ಬೇಕರಿಯ ಒಲೆಗೆ ಕೊಟ್ಟು ಚರ್ಚಿಗೆ ಹೋಗುವುದು ನಿಜ. ಆದರೆ ಆ ಟ್ರೇಗಳನ್ನೆಲ್ಲ ಒಲೆಗೆ ತಳ್ಳುವವಳೇ ಅವಳ ಅಮ್ಮ ಸ್ಟಮಾಟಾ!

ಹೋದ ವಾರ ಒಲೆಯ ಬಾಗಿಲು ತಾಗಿ ಅಮ್ಮನ ಕೈ ಸುಟ್ಟಿತ್ತು. ಗಾಯ ವಾಸಿಯಾಗುವ ತನಕ ಸಂಬಳದ ರಜೆ ಕೇಳಿದರೆ, “ನೀನೇನು ನನ್ನ ಕೆಲಸದವಳಾ?” ಎಂದುಬಿಟ್ಟಿದ್ದ ಮಾಮ. ಅದಕ್ಕೇ ಅಮ್ಮ ದೂರು ಕೊಟ್ಟದ್ದು, ಕಾರ್ಮಿಕ ಇಲಾಖೆಯ ಈ ಮೇಡಂ ಬಂದದ್ದು.

“ಹಾಗಾದ್ರೆ ಇವರ ಟ್ರೇ ಯಾವುದು?” ಮೇಡಂ ಕೇಳಿದರು.

“ಅದೋ, ಆ ಕೋಳಿ!”

“ಅಯ್ಯೋ ಮಾಮ, ಅದು ಪಾದ್ರಿಯವರ ಮನೇದು!” ಅರ್ಗಿರೋ ಕಿಸಕ್ಕನೆ ನಕ್ಕಳು.

ಮಾಮ ಕಣ್ಣು ಕೆಂಪಗೆ ಮಾಡಿದ. “ದೊಡ್ಡೋರ ಮಧ್ಯೆ ಬಾಯಿ ಹಾಕ್ಬೇಡ. ನಿಮ್ಮಮ್ಮ ಇಷ್ಟ ಬಂದಾಗ ಬರ್ತಾಳೆ, ಇಷ್ಟ ಬಂದಾಗ ಹೋಗ್ತಾಳೆ. ನಾನು ಕೇಳೋನೇ ಅಲ್ಲ!”

“ಹೌದಾ?” ಅರ್ಗಿರೋಳ ತುಂಟ ಬುದ್ಧಿ ಚುರುಕಾಯಿತು. “ಅಮ್ಮಾ, ಹಾಗಾದ್ರೆ ಬಾ, ಸಮುದ್ರಕ್ಕೆ ಹೋಗೋಣ!”

ಅಮ್ಮ ಮಗಳ ಮುಖ ನೋಡಿದಳು. ಸಾವಕಾಶವಾಗಿ ಏಪ್ರನ್ ಬಿಚ್ಚಿಟ್ಟು ಬಾಗಿಲ ಕಡೆ ನಡೆದಳು. ಅಷ್ಟರಲ್ಲಿ ಚರ್ಚ್ ಬಿಟ್ಟ ಗಂಟೆ ಕೇಳಿಸಿತು.

“ಏಯ್, ಎಲ್ಲಿಗೆ ಹೊರಟೆ?” ಮಾಮ ಕಿರುಚಿದ. “ಈಗ ಊರಿಗೆ ಊರೇ ಬರುತ್ತೆ, ಟ್ರೇ ತೆಗೆಯೋರು ಯಾರು? ರಜೆ ಬೇಕಿದ್ರೆ ನನ್ನನ್ನ ನಿನ್ನೆನೇ ಕೇಳ್ಬೇಕಿತ್ತು!”

ಅಂದವನೇ ನಾಲಿಗೆ ಕಚ್ಚಿಕೊಂಡ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

“ಪಕ್ಕದ ಬೀದಿಯವರಿಗೂ ನೀವೇ ರಜೆ ಕೊಡ್ತೀರಾ?” ಮೇಡಂ ನಕ್ಕರು. “ಸ್ಟಮಾಟಾ ನಿಮ್ಮ ಕೆಲಸದವರು ಅಂತ ನೀವೇ ಒಪ್ಪಿಕೊಂಡ ಹಾಗಾಯ್ತು. ಹಾಗಂತಲೇ ಬರೀತೀನಿ.”

ಮಾಮ ಇಂಗು ತಿಂದ ಮಂಗನ ಹಾಗೆ ನಿಂತ. ಆಮೇಲೆ ತಾನೇ ಕೈಗವಸು ಹಾಕಿಕೊಂಡು, ಗೊಣಗುತ್ತಾ ಒಲೆಯತ್ತ ಹೋದ.

ಅಮ್ಮ ಗಿರಾಕಿಗಳ ಬೆಂಚಿನ ಮೇಲೆ ಕೂತಳು. ಅರ್ಗಿರೋ ಅವಳ ಬ್ಯಾಂಡೇಜನ್ನು ಮೆಲ್ಲಗೆ ಮುಟ್ಟಿದಳು. “ನೋಯುತ್ತಾ ಅಮ್ಮಾ?”

ವಾರವೆಲ್ಲ ಹೀಗೆ ಕೇಳಿದಾಗ ಅಮ್ಮ “ಏನಿಲ್ಲ ಬಿಡೇ” ಅನ್ನುತ್ತಿದ್ದಳು.

“ತುಂಬಾ ನೋಯುತ್ತೆ ಕಣೇ,” ಎಂದಳು ಈಗ.

ನೋವು ಇವತ್ತು ಹೆಚ್ಚಾದದ್ದಲ್ಲ ಎಂದು ಅರ್ಗಿರೋಗೆ ಗೊತ್ತಾಯಿತು. ಅವಳು ಅಮ್ಮನಿಗೆ ಒತ್ತಿಕೊಂಡು ಕೂತಳು.